ಕಿವಿಮೇಸ್ತ್ರಿ ಮತ್ತು ಅಲುಗದ ಎಂಜಿನ್ನು

“ನನ್ನ ಕಿವಿಗೆ ಸುಳ್ಳು ಹೇಳೋ ಎಂಜಿನ್ನು ಇನ್ನೂ ಹುಟ್ಟಿಲ್ಲ” ಎಂದು ಕಿವಿಮೇಸ್ತ್ರಿ ಹೇಳುತ್ತಿದ್ದ. ಹೇಳುವಾಗ, ಬಟ್ಟೆಯಂಗಡಿಯವನು ಸೀರೆಯ ಅಂಚು ಎಳೆದು ತೋರಿಸುವ ಹಾಗೆ, ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಎಳೆದು ತೋರಿಸುತ್ತಿದ್ದ. ಬೀದಿಯವರು ಇದಕ್ಕೆ ಇನ್ನಷ್ಟು ಉಪ್ಪುಖಾರ ಹಚ್ಚಿದ್ದರು. ಇರುವೆ ಕೆಮ್ಮಿದರೆ ಅದು ನೆಗಡಿಯದೋ ಧೂಳಿನದೋ ಎಂದು ಅವನು ಗೋಡೆಯಾಚೆಯಿಂದ ಹೇಳಬಲ್ಲನಂತೆ. ಒಮ್ಮೆ ಲಾರಿಯೊಂದು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ ತಲೆ ಕೂಡ ಎತ್ತದೆ, “ಲಾರಿ ಚೆನ್ನಾಗಿದೆ, ಡ್ರೈವರ್ರೇ, ನೀವು ಡಾಕ್ಟರನ್ನ ನೋಡಿ” ಎಂದು ಕಳಿಸಿದನೆಂದೂ, ಡಾಕ್ಟರು ಅಂದೇ ಆ ಡ್ರೈವರನ ಹೊಟ್ಟೆ ಕೊಯ್ದರೆಂದೂ ಪ್ರತೀತಿ. ಡ್ರೈವರನನ್ನು ಕಂಡವರು ಯಾರೂ ಇಲ್ಲ. ಕೊಯ್ದ ಗಾಯದ ಉದ್ದ ಮಾತ್ರ ಎಲ್ಲರಿಗೂ ಗೊತ್ತು.

ಕೀಲಿ ತಿರುಗಿಸಿದಾಗ ಹೊತ್ತಿ, ಎಂಜಿನ್ನು ನಡೆಯತೊಡಗಿದೊಡನೆ ಆರುವ ಪುಟ್ಟ ಕೆಂಪು ದೀಪವೊಂದು ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಇರುತ್ತದಲ್ಲ, ಅದನ್ನು ಅವನು ಕಣ್ಣೆತ್ತಿ ನೋಡಿದವನಲ್ಲ. “ಅದನ್ನ ಇಟ್ಟಿರೋದು ಕಿವುಡರಿಗೆ” ಎನ್ನುತ್ತಿದ್ದ.

ಈ ಕಿವಿಯನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ಅವನ ಅಕ್ಕ. ಆಸ್ಪತ್ರೆಯಲ್ಲಿ ನರ್ಸು. ಗುಜರಿಯವನ ಅಂಗಳದಲ್ಲಿ ಸಿಕ್ಕ ಒಂದು ಕಾರನ್ನು ತಮ್ಮ ಅವಳಿಗಾಗಿ ಎಬ್ಬಿಸಿ ನಿಲ್ಲಿಸಿದ್ದ. ಅಕ್ಕ ಅದನ್ನು ರಾಣಿಯಮ್ಮ ಎಂದು ಕರೆಯುತ್ತಿದ್ದಳು. ಅದು ಎಲ್ಲ ಕಾರುಗಳ ಹಾಗಿರಲಿಲ್ಲ, ರೋಟರಿ ಎಂಜಿನ್ನಿನ ಕಾರು. ಮೇಲೆ ಕೆಳಗೆ ಕುಟ್ಟುವ ಪಿಸ್ಟನ್ನು ಅದರಲ್ಲಿಲ್ಲ. ಮೂರು ಮೂಲೆಯ ದಪ್ಪ ಕಬ್ಬಿಣದ ಬಿಲ್ಲೆಗಳು ಗೂಡಿನೊಳಗೆ ಸುತ್ತುತ್ತವೆ, ಅಷ್ಟೇ. ಕುಟ್ಟಾಟವಿಲ್ಲದ್ದರಿಂದ ನಡುಕವೂ ಇಲ್ಲ. ಬಾನೆಟ್ ಮೇಲೆ ಕೂತು ಸೂಜಿಗೆ ದಾರ ಪೋಣಿಸಬಹುದು ಎನ್ನುತ್ತಿದ್ದಳು ಅಕ್ಕ. ದನಿ ಮಾತ್ರ ಜೋರು. ರಾತ್ರಿಪಾಳಿಗೆ ಆ ಕಾರು ಆಸ್ಪತ್ರೆಯ ಗೇಟಿಗೆ ಬಂತೆಂದರೆ, ಇಂಜೆಕ್ಷನ್ನಿಗೆ ಹೆದರಿ ಅರ್ಧ ವಾರ್ಡು ತಾನಾಗಿ ಗುಣವಾಗುತ್ತಿತ್ತಂತೆ.

ಆ ಎಂಜಿನ್ನಿಗೆ ಒಂದು ಹಟ. ತಣ್ಣಗಿರುವಾಗ ಎಬ್ಬಿಸಿ, ಬಿಸಿಯಾಗುವ ಮೊದಲೇ ಮಲಗಿಸಿದರೆ ಮುನಿಸಿಕೊಳ್ಳುತ್ತದೆ. ಒಳಗೆ ಪೆಟ್ರೋಲು ತುಂಬಿ ಮುಳುಗಿ, ಮತ್ತೆ ಏಳುವುದಿಲ್ಲ. “ಎಬ್ಬಿಸಿದ್ರೆ ಮೈ ಬಿಸಿಯಾಗೋವರೆಗೂ ಆರಿಸ್ಬೇಡ” ಎಂದು ಅಕ್ಕನಿಗೆ ಬಾಯಿಪಾಠ ಮಾಡಿಸಿದವನು ಅವನೇ.

ಕಿವಿ ಹೋಗುವುದೆಂದರೆ ಬಾಗಿಲು ಬಡಿದು ಹೊರಟುಹೋಗುವ ನೆಂಟನ ಹಾಗಲ್ಲ. ಬಾಡಿಗೆ ಮನೆಯನ್ನು ಗುಟ್ಟಾಗಿ ಖಾಲಿ ಮಾಡುವವನ ಹಾಗೆ ಒಂದೊಂದೇ ಸಾಮಾನು ಸಾಗಿಸುತ್ತದೆ. ಮೊದಲು ಕುಕ್ಕರಿನ ಸೀಟಿ ಹೋಯಿತು. ಆಮೇಲೆ ಬೆಲ್ಟಿನ ಕಿರುಗುಟ್ಟುವಿಕೆ, ಆಮೇಲೆ ಹಿಂದಿನಿಂದ ಕರೆಯುವವರ ದನಿ. ಮೇಸ್ತ್ರಿ ಯಾರಿಗೂ ಹೇಳಲಿಲ್ಲ. ಮಡ್‌ಗಾರ್ಡಿನ ಮೇಲೆ ಅಂಗೈ ಒತ್ತಿ ಎಂಜಿನ್ನಿನ ನಡುಕದಿಂದಲೇ ರೋಗ ಹಿಡಿಯುವುದನ್ನು ಕಲಿತ. ಎದುರು ನಿಂತವರ ತುಟಿ ಓದುವುದನ್ನು ಕಲಿತ. ಉಳಿದದ್ದನ್ನು ಹೆಂಡತಿ ಹೊತ್ತುಕೊಂಡಳು. ಗ್ಯಾರೇಜಿಗೆ ಅಂಟಿಕೊಂಡೇ ಅವಳ ಅಡುಗೆಮನೆ. ಬಂದವರು ಹೇಳಿದ್ದನ್ನೆಲ್ಲ ಅವಳು ಹೊರಗೆ ಬಂದು, ಗಂಡನ ಮುಖಕ್ಕೆ ಮುಖ ಕೊಟ್ಟು ಬೈಗುಳದಲ್ಲಿ ಸುತ್ತಿ ಮತ್ತೆ ಹೇಳುತ್ತಿದ್ದಳು: “ಏನ್ರೀ, ಅವರು ಬ್ರೇಕು ಎಡಕ್ಕೆ ಎಳೀತಿದೆ ಅಂತಿದ್ರೆ ಹಿಂಗೆ ಕಂಬದ ಹಾಗೆ ನಿಂತಿದ್ದೀರಲ್ಲ!” ಆ ಬೀದಿಯಲ್ಲಿ ಅವಳಷ್ಟು ಗಯ್ಯಾಳಿ ಇನ್ನೊಬ್ಬಳಿಲ್ಲ ಎಂದು ಹೆಸರಾಯಿತು. ಅವಳು ಆ ಹೆಸರನ್ನೂ ಹೊಟ್ಟೆಗೆ ಹಾಕಿಕೊಂಡಳು.

ಅಕ್ಕನ ಕೊನೆಯ ದಿನ ಹೆಂಡತಿ ಪಕ್ಕದಲ್ಲಿರಲಿಲ್ಲ. ಅಕ್ಕ ತಾನು ದುಡಿದ ವಾರ್ಡಿನಲ್ಲೇ, ಮೂಗುಬಾಯಿ ಮುಚ್ಚುವ ಆಮ್ಲಜನಕದ ಮಾಸ್ಕು ಹಾಕಿಕೊಂಡು ಮಲಗಿದ್ದಳು. ಮಂಚದ ಆಚೆ ಬದಿಗೆ ಅಕ್ಕನ ಮಗಳು, ಈಚೆಗೆ ತಮ್ಮ. ಅಕ್ಕ ಅವನತ್ತ ತಿರುಗಿ ಏನೋ ಅಂದಳು. ಮಾಸ್ಕಿನೊಳಗೆ ತುಟಿ ಕಾಣಲಿಲ್ಲ. ಅವನು “ಹೂಂ” ಅಂದ. ಅವಳು ಮತ್ತೇನೂ ಹೇಳಲಿಲ್ಲ. ಮತ್ತೆ ಹೇಳಲು ಉಳಿಯಲೂ ಇಲ್ಲ.

ಕಾರು ಗ್ಯಾರೇಜಿನ ಹಿಂಭಾಗದಲ್ಲಿ ಟಾರ್ಪಾಲಿನಡಿ ಸೇರಿತು. ಅವನು ಬ್ಯಾಟರಿಗೆ ಚಾರ್ಜು ಕೊಡುತ್ತಿದ್ದ, ಚಕ್ರಕ್ಕೆ ಗಾಳಿ ತುಂಬುತ್ತಿದ್ದ, ಕೀಲಿ ಮಾತ್ರ ತಿರುಗಿಸುತ್ತಿರಲಿಲ್ಲ. ತಿರುಗಿಸಿದರೆ ಆ ದನಿ ಕೇಳಿಸದೆ ಹೋದೀತೆಂಬ ಭಯ. ಕೊನೆಗೊಂದು ದಿನ ದೂರದ ಊರಿನಿಂದ ಅಕ್ಕನ ಮಗಳ ಸಂದೇಶ ಬಂತು. ಅಮ್ಮನ ಕಾರನ್ನು ನಾನೇ ಓಡಿಸಿಕೊಂಡು ಹೋಗುತ್ತೇನೆ ಮಾಮ, ಘಾಟಿ ಹತ್ತಬೇಕು, ನೀನು ಒಂದು ಸಲ ಎಂಜಿನ್ನು ಕೇಳಿ ಹೂಂ ಅಂದರೆ ಸಾಕು.

ಇನ್ನೊಂದು ಹೂಂ! ಅವಳು ಬರುವ ದಿನ ಬೆಳಗ್ಗೆಯೇ ಎದ್ದು ಹಳೆಯ ಪೆಟ್ರೋಲು ಬಸಿದು ಹೊಸದು ತುಂಬಿದ. ಕಾರನ್ನು ತೊಳೆಯಲು ಬೆಳಕಿಗೆ ತರಬೇಕೆಂದು ಒಳಗೆ ಕೂತು ಕೀಲಿ ತಿರುಗಿಸಿದ. ಏನೂ ಕೇಳಿಸಲಿಲ್ಲ. ಅಂಗೈಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿದ. ನಡುಕವೂ ಇಲ್ಲ. ಹತ್ತಲಿಲ್ಲವೆಂದು ಮತ್ತೆ ತಿರುಗಿಸಿದ. ಆರಿಸಿದ, ಪೆಡಲು ತುಳಿದ, ತಿರುಗಿಸಿದ. ಹಾಗೆ ಎಷ್ಟೋ ಸಲ.

ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಕಾರಿನ ಕಿಟಕಿಗೆ ಮುಖ ಕೊಟ್ಟಳು.

“ಏನ್ ಮಾಡ್ತಿದ್ದೀರಿ? ಎಂಜಿನ್ನಿಗೆ ಚಾಕು ಹಾಕಿದ ಹಾಗೆ ಕಿರುಚಿಕೊಳ್ತಿದೆ!”

“ಹತ್ತುತಾ ಇಲ್ಲ ಕಣೆ. ಬ್ಯಾಟರಿ ಸರಿಯಿಲ್ಲ ಅನ್ಸುತ್ತೆ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹತ್ತಿತ್ತು ರೀ! ಮೊದಲ್ನೇ ಸಲವೇ ಹತ್ತಿತ್ತು. ನಡೀತಿರೋ ಎಂಜಿನ್ನಿಗೆ ಮತ್ತೆ ಮತ್ತೆ ಕೀಲಿ ತಿರುಗಿಸಿ, ಆರಿಸಿ…” ಮಾತು ಅಲ್ಲಿಗೇ ನಿಂತಿತು. ಇಷ್ಟು ವರ್ಷದ ಬೈಗುಳದಲ್ಲಿ ಅವಳು ಅರ್ಧಕ್ಕೆ ನಿಲ್ಲಿಸಿದ್ದು ಅದೊಂದೇ ಸಲ.

ಮೇಸ್ತ್ರಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅಕ್ಕನ ಕಾರು ಎದ್ದು ಕರೆದಿತ್ತು. ಅವನಿಗೆ ಗೊತ್ತಾಗಿರಲಿಲ್ಲ. ಅಂಗೈಯ ವಿದ್ಯೆಯೂ ಈ ನಡುಗದ ಎಂಜಿನ್ನಿನ ಮುಂದೆ ಮಣ್ಣುಪಾಲು. ಮತ್ತೊಮ್ಮೆ ಕೀಲಿ ತಿರುಗಿಸಿದ. ಈ ಸಲ ಹೆಂಡತಿ ಕೇಳಿಸಿಕೊಂಡು ಇಲ್ಲವೆಂದು ತಲೆಯಾಡಿಸಿದಳು. ಬರಿದೆ ಗಿರಗಿರ ತಿರುಗುತ್ತಿದೆ, ಹತ್ತುತ್ತಿಲ್ಲ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಮುಳುಗಿತ್ತು.

ಅಷ್ಟರಲ್ಲಿ ಗೇಟಿನಲ್ಲಿ ಅಕ್ಕನ ಮಗಳು. ಅಕ್ಕನದೇ ನಡಿಗೆ. ಹೆಗಲ ಮೇಲೊಂದು ಚೀಲ.

“ಎಲ್ಲಿ ಮಾಮ, ರಾಣಿಯಮ್ಮ ತಯಾರಾ?”

“ಮುನಿಸಿಕೊಂಡಿದ್ದಾಳೆ. ಪೆಟ್ರೋಲು ಕುಡಿದು ಮುಳುಗಿದ್ದಾಳೆ” ಅಂದ. ಯಾರು ಮುಳುಗಿಸಿದ್ದು ಎಂದು ಹೇಳಲಿಲ್ಲ. ಹೆಂಡತಿಯೂ ಹೇಳಲಿಲ್ಲ.

ಕೈ ಮಾತ್ರ ಮರೆತಿರಲಿಲ್ಲ. ಮೊದಲು ಪೆಟ್ರೋಲ್ ಪಂಪಿನ ಫ್ಯೂಸು ಕಿತ್ತ, ಮುಳುಗಿದವಳಿಗೆ ಮತ್ತೆ ಕುಡಿಸಬಾರದಲ್ಲ. ಕಿಡಿ ಹಾರದಂತೆ ಪ್ಲಗ್ಗಿನ ವೈರುಗಳನ್ನೂ ಬಿಡಿಸಿಟ್ಟ. ಪ್ಲಗ್ಗುಗಳನ್ನು ಬಿಚ್ಚಿ ತೆಗೆದರೆ ಒಂದೊಂದೂ ಸ್ನಾನ ಮಾಡಿ ಬಂದ ಹಾಗೆ ತೊಟ್ಟಿಕ್ಕುತ್ತಿತ್ತು. ಹೆಂಡತಿ ಅವನ್ನು ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟಳು. ಬಾನೆಟ್ ಎತ್ತಿದ್ದರಿಂದ, ಒಳಗೆ ಕೂತ ಹುಡುಗಿಗೂ ಅವನಿಗೂ ನಡುವೆ ತಗಡಿನ ಗೋಡೆ ಎದ್ದಂತಾಗಿತ್ತು.

“ಪುಟ್ಟೀ, ತಿರುಗಿಸು!”

ಅವಳು ಕೀಲಿ ತಿರುಗಿಸಿದಳು. ಪ್ಲಗ್ಗಿನ ತೂತುಗಳಿಂದ ಪೆಟ್ರೋಲು ಸೀನಿದ ಹಾಗೆ ಹೊರಕ್ಕೆ ಹಾರಿತು. ಹಾರಿ ಮುಗಿದ ಮೇಲೆ ಕೇಳಬೇಕಾದದ್ದು ಉಸಿರು. ಪ್ರತಿ ಸುತ್ತಿಗೂ ಸಮಸಮನಾದ ಮೂರು ಬುಸ್ಸು ಬಂದರೆ ಒಳಗಿನ ಬಿಲ್ಲೆಯ ಮೂರು ಮೂಲೆಯೂ ಗಟ್ಟಿ. ಹಿಂದೆ ಅದನ್ನು ಬೀದಿಯ ತುದಿಯಿಂದ ಕೇಳುತ್ತಿದ್ದವನು ಈಗ ತೂತಿಗೆ ಅಂಗೈ ಕೊಟ್ಟ. ಗಾಳಿ ತಟ್ಟಿತು, ಬಲವಿಲ್ಲ. ಮುದುಕ ದೀಪ ಆರಿಸಲು ಊದಿದ ಹಾಗೆ. ಒಳಗಿನ ಆಯಿಲನ್ನೆಲ್ಲ ಪೆಟ್ರೋಲು ತೊಳೆದುಬಿಟ್ಟಿತ್ತು.

ಒಳಗಿನಿಂದ ಹುಡುಗಿ ಕೂಗಿದಳು, “ಸಾಕಾ ಮಾಮ?” ಉತ್ತರವಿಲ್ಲ. “ಮಾಮಾ, ಸಾಕಾ?” ಅವನು ಅಂಗೈ ನೋಡುತ್ತ ನಿಂತೇ ಇದ್ದ. ಸ್ಟಾರ್ಟರು ತಿರುಗಿ ತಿರುಗಿ ಏದುಸಿರು ಬಿಡತೊಡಗಿತು. ಹೆಂಡತಿ ಓಡಿ ಬಂದು ಅವನೆದುರು ನಿಂತಳು. “ಏನ್ರೀ, ಅವಳು ಸಾಕಾ ಸಾಕಾ ಅಂತ ಗಂಟಲು ಹರ್ಕೊಳ್ತಿದ್ರೆ ಕಲ್ಲಿನ ಹಾಗೆ ನಿಂತಿದ್ದೀರಲ್ಲ, ಬ್ಯಾಟರಿ ನಿಮ್ಮಪ್ಪನ ಮನೇದಾ?”

“ಸಾಕು ಸಾಕು” ಅಂದ ಅವನು. ಹುಡುಗಿ ಇಳಿದು ಬಂದು ಇಬ್ಬರ ಮುಖವನ್ನೂ ನೋಡಿ, ಮತ್ತೆ ಒಳಗೆ ಹೋಗಿ ಕೂತಳು.

ಪ್ರತಿ ತೂತಿಗೂ ಚೂರು ಚೂರು ಆಯಿಲು ಬಿಟ್ಟು ಮತ್ತೆ ತಿರುಗಿಸಲು ಹೇಳಿದ. ಅಂಗೈಗೆ ಬುಸ್ಸು, ಬುಸ್ಸು, ಬುಸ್ಸು. ಮೂರೂ ಸಮ. ಎರಡನೆಯ ಬಿಲ್ಲೆಗೂ ಹಾಗೆಯೇ. ಒಣಗಿದ ಪ್ಲಗ್ಗು, ವೈರು, ಫ್ಯೂಸು ಎಲ್ಲ ಅದರದರ ಜಾಗಕ್ಕೆ ಹೋದವು. ಬೇರೆ ಬ್ಯಾಟರಿಯೊಂದನ್ನು ಜೋಡಿಸಿದ. ಬಾನೆಟ್ ಇಳಿಸಿ, ಕಿಟಕಿಯ ಬಳಿ ಬಂದು ನಿಂತ.

“ಪೆಡಲು ಪೂರ್ತಿ ತುಳಿದು ತಿರುಗಿಸು. ಹತ್ತಿದ ಕೂಡ್ಲೇ ಕಾಲು ಸಡಿಲಿಸು. ಆರಿಸ್ಬೇಡ ಮತ್ತೆ!”

ಅವಳು ತಿರುಗಿಸಿದಳು. ಕಾರಿನ ಹಿಂದಿನಿಂದ ಬಿಳಿ ಹೊಗೆ ಎದ್ದು ಗೇಟು ಮುಚ್ಚಿತು, ಎದುರುಮನೆ ಮುಚ್ಚಿತು. ಆ ಹೊಗೆಯಲ್ಲಿ ಪೋಸ್ಟ್‌ಮನ್ನು ದಾರಿ ತಪ್ಪಿ ಮರುದಿನ ಮನೆ ಸೇರಿದನೆಂದು ಇವತ್ತಿಗೂ ಹೇಳುತ್ತಾರೆ. ಮೇಸ್ತ್ರಿ ಹೊಗೆಯನ್ನು ನೋಡಲಿಲ್ಲ. ಕಿಟಕಿಯಿಂದ ಬಗ್ಗಿ, ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನೇ ನೋಡುತ್ತಿದ್ದ. ಅದು ಮಿಟುಕಿ ಆರಿತು.

“ಹತ್ತಿತು” ಅಂದ, ಮೆಲ್ಲಗೆ.

“ಕೇಳಿ ಹೇಳು ಮಾಮ, ಘಾಟಿ ಹತ್ತುತ್ತಾ?”

ಹೆಂಡತಿ ಬೈಯಲು ಬಾಯಿ ತೆರೆದಳು. ಅವನು ಕೈ ಅಡ್ಡ ಹಿಡಿದ. ಹೂಂ ಎನ್ನುವುದು ಎಷ್ಟು ಸುಲಭ. ತುಟಿ ಕೂಡ ತೆರೆಯಬೇಕಿಲ್ಲ.

“ನನಗೆ ಕೇಳಿಸಲ್ಲ ಪುಟ್ಟಿ.”

“ಸದ್ದು ಸ್ವಲ್ಪ ಇಳೀಲಿ, ಆಮೇಲೆ…”

“ಸದ್ದಲ್ಲ. ಕಿವಿ. ಕಿವಿ ಹೋಗಿದೆ. ಬೆಳಗ್ಗೆ ಇದನ್ನ ಮುಳುಗಿಸಿದ್ದೂ ನಾನೇ.” ಅವನ ಕೈಯ ಆಯಿಲು ಕಿಟಕಿಯ ಅಂಚಿಗೆ ಇಳಿಯುತ್ತಿತ್ತು. “ನಿಮ್ಮಮ್ಮ ಇದ್ದಾಗ್ಲೇ ಹೋಗಿತ್ತು. ಕೊನೇ ದಿನ ಅವಳು ನನಗೆ ಏನೋ ಹೇಳಿದ್ಲು. ಮಾಸ್ಕು ಇತ್ತು, ತುಟಿ ಕಾಣ್ಲಿಲ್ಲ. ನಾನು ಹೂಂ ಅಂದೆ. ಯಾವುದಕ್ಕೆ ಹೂಂ ಅಂದೆ ಅಂತ ಇವತ್ತಿಗೂ ಗೊತ್ತಿಲ್ಲ.”

ಹುಡುಗಿ ಸ್ಟೀರಿಂಗಿನಿಂದ ಕೈ ತೆಗೆದಳು. ಆಮೇಲೆ ಮುಖವನ್ನು ಪೂರ್ತಿಯಾಗಿ ಅವನತ್ತ ತಿರುಗಿಸಿದಳು, ತುಟಿ ಚೆನ್ನಾಗಿ ಕಾಣುವ ಹಾಗೆ.

“ನಾನು ಅಲ್ಲೇ ಇದ್ದೆನಲ್ಲ ಮಾಮ. ಊಟ ಆಯ್ತಾ ನಿಂದು ಅಂತ ಕೇಳಿದ್ಲು. ಅಷ್ಟೇ.”

“ಊಟ?”

“ಹೂಂ. ಆಗಿತ್ತಾ?”

“ಇಲ್ಲ” ಅಂದ. “ಬೆಳಗ್ಗಿಂದ ಏನೂ ತಿಂದಿರ್ಲಿಲ್ಲ.” ಮತ್ತೆ ಅಂದ, “ಹಾಗಾದ್ರೆ ಕೊನೇ ಮಾತಿಗೆ ಸುಳ್ಳು ಹೇಳಿ ಕಳಿಸಿದೆ.”

ಹೆಂಡತಿ ಸೆರಗಿನಿಂದ ಅವನ ಕೈಯ ಆಯಿಲು ಒರೆಸಿದಳು. ಎಂಜಿನ್ನು ನಡೆಯುತ್ತಲೇ ಇತ್ತು, ಮೈ ಬಿಸಿ ಮಾಡಿಕೊಳ್ಳುತ್ತ, ಯಾವ ಅಲುಗಾಟವೂ ಇಲ್ಲದೆ.

ಹೊಗೆ ತಿಳಿಯಾದ ಮೇಲೆ ಮೇಸ್ತ್ರಿ ಮತ್ತೆ ಕಿಟಕಿಗೆ ಬಗ್ಗಿದ. “ನಿನಗೆ ಕಿವಿ ಇದೆ, ನನಗೆ ಅರ್ಥ ಗೊತ್ತು. ಅದು ಹೆಂಗೆ ಮಾತಾಡ್ತಿದೆಯೋ ಹಂಗೇ ನೀನು ಮಾಡಿ ತೋರಿಸು.”

“ಬಾಯಲ್ಲಾ?”

“ಮತ್ತೆ ಕಾಲಲ್ಲಾ?”

ಅವಳು ನಾಚುತ್ತ ಶುರುಮಾಡಿದಳು. ತುಟಿ ಮುಂದೆ ಮಾಡಿ, ಅಂಗಳದ ಮಧ್ಯೆ, ಎಂಜಿನ್ನಿನ ಹಾಗೆ ಗುಂಯ್‌ಗುಟ್ಟಿದಳು. ಪೆಡಲು ತುಳಿದು ಏರಿಸಿದಾಗ ಅವಳೂ ಏರಿದಳು, ಬಿಟ್ಟಾಗ ಇಳಿದಳು. ಎದುರುಮನೆಯವರು ಕಿಟಕಿ ತೆರೆದರು. ಮೇಸ್ತ್ರಿ ಅವಳ ತುಟಿಯನ್ನೂ ಕೆನ್ನೆಯನ್ನೂ ಕಣ್ಣು ಮಿಟುಕಿಸದೆ ನೋಡಿದ. ಮಧ್ಯದಲ್ಲಿ ಒಮ್ಮೆ ತಡೆದ: “ಇಳಿಯುವಾಗ ಒಂದು ಕಡೆ ತೊದಲಿದೆಯಲ್ಲ, ಅದು ನೀನಾ, ಅದಾ?” “ಅದೇ ಮಾಮ.” ಅವನು ಬಾನೆಟ್ ಎತ್ತಿ, ಜೋಡಿಸುವಾಗ ಅವಸರದಲ್ಲಿ ಸಡಿಲ ಬಿಟ್ಟಿದ್ದ ಪ್ಲಗ್ಗಿನ ವೈರೊಂದನ್ನು ಒತ್ತಿ ಕೂರಿಸಿದ. “ಈಗ ಇನ್ನೊಂದು ಸಲ.” ಈ ಸಲ ಅವಳ ತುಟಿ ಒಂದೇ ಸಮ ಹೋಯಿತು.

“ಹೋಗು. ಹತ್ತುತ್ತೆ” ಅಂದ.

ಕಾರು ಗೇಟು ದಾಟಿ ತಿರುವಿನಲ್ಲಿ ಮರೆಯಾಗುವ ತನಕ ಅವನು ನಿಂತಿದ್ದ. ಹೆಂಡತಿ ಕಾರು ಹೋದ ದಿಕ್ಕಿಗೆ ಕಿವಿಗೊಟ್ಟು ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅವನೆದುರು ಬಂದಳು.

“ಹೋಯ್ತು. ಚೆನ್ನಾಗೇ ಹೋಯ್ತು” ಎಂದಳು. “ಎದುರುಮನೆಯವರೂ ಎಲ್ಲ ನೋಡಿದ್ರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತೆ. ಇನ್ನು ಮೇಲೆ ಬಂದವರ ಮುಂದೆ ನಾನು ನಿಮ್ಮನ್ನ ಬೈಯೋ ಹಾಗಿಲ್ಲ, ಅಲ್ವಾ?”

“ಕಿವಿ ಇರೋವರೆಗೂ ಕೇಳಿ ಬೈಸ್ಕೊಂಡೆ” ಅಂದ ಕಿವಿಮೇಸ್ತ್ರಿ. “ಬರೀ ತುಟಿ ನೋಡಿ ಬೈಸ್ಕೊಳ್ಳೋ ಸುಖ ಈಗ ಗೊತ್ತಾಗಿದೆ, ಈಗ ನಿಲ್ಲಿಸ್ತೀಯಾ?”