ಜಯಮ್ಮನ ಉತ್ತರ ಕೇಳಲು ಹೋದದ್ದು

ರಾಮನಗರದಿಂದ ಬೆಳಿಗ್ಗೆ ಏಳಕ್ಕೆ ಕನಕಪುರದ ಬಸ್ಸು ಹತ್ತಿದೆ. ಮೈಸೂರು ರಸ್ತೆಯಲ್ಲಿ ಬಿಡದಿಯ ಫ್ಯಾಕ್ಟರಿಗಳಿಗೆ ಜನ ತುಂಬಿಕೊಂಡ ಬಸ್ಸುಗಳು ಓಡುತ್ತಿದ್ದವು. ನಮ್ಮ ಕೆಂಪು ಬಸ್ಸಿಗೆ ಅಂಥ ಅವಸರವಿರಲಿಲ್ಲ. ಕಂಡಕ್ಟರ್ ಚಿಲ್ಲರೆ ಇಲ್ಲವೆಂದು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರ ಸಮೀಕ್ಷೆಯೊಂದರಲ್ಲಿ ನಾನಾಗ ಊರೂರು ಅಲೆಯುತ್ತಿದ್ದೆ. ಸಾತನೂರಿನ ಹತ್ತಿರದ ಹಳ್ಳಿಯ ಜಯಮ್ಮ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಅದನ್ನು ಕೇಳಿ ಬರಲು ಹೊರಟಿದ್ದೆ.

ಹಿಂದಿನ ಸಲ ಹೋದಾಗ ಆ ಮನೆಯ ರೇಷ್ಮೆ ಹುಳುಗಳು ಗೂಡು ಕಟ್ಟುವ ಮುಂಚಿನ ವಾರದಲ್ಲಿದ್ದವು. ಹುಳಕ್ಕೆ ಸೋಂಕು ತಗಲೀತೆಂದು ಆಗ ಹೊರಗಿನವರನ್ನು ಒಳಕ್ಕೆ ಬಿಡುವುದಿಲ್ಲ. ಏನೂ ಕೇಳದೆ ವಾಪಸಾದರೆ ನಮ್ಮ ಆಫೀಸು ಒಪ್ಪುವುದಿಲ್ಲ; ಖಾಲಿ ಉಳಿದ ಪ್ರಶ್ನೆಗೆ ಮಾತ್ರ ಮತ್ತೊಮ್ಮೆ ಹೋಗಬಹುದು. ಹಾಗಾಗಿ ಗುಟ್ಟಾಗಿ ಕೇಳಬೇಕಾದದ್ದನ್ನು ಜಗಲಿಯಲ್ಲಿ, ಅತ್ತೆಯ ಎದುರಿಗೇ ಕೇಳಬೇಕಾಯಿತು: ಗಂಡ ಹೊಡೆಯುತ್ತಾನಾ? ಜಯಮ್ಮ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಎತ್ತಿಕೊಂಡು, "ಹುಳ ಗೂಡ್ ಕಟ್ಲಿ, ಆಮೇಕ್ ಬನ್ನಿ ಅಕ್ಕ" ಎಂದು ಒಳಗೆ ಹೋಗಿಬಿಟ್ಟಳು.

ಈ ಸಲ ಗೂಡು ಮಾರಿ ಮುಗಿದಿತ್ತು, ಬಾಗಿಲು ತೆರೆದಿತ್ತು. ಜಯಮ್ಮ ಇರಲಿಲ್ಲ. "ತೌರಿಗೋಗವ್ಳೆ, ಮಾಗಡಿ ತಾವ. ನೀವ್ ಬಂದೋದ್ಮೇಲೇ ಅವ್ಳ ತಲೆ ಕೆಟ್ಟಿದ್ದು" ಎಂದಳು ಅತ್ತೆ. ಅಂಗಳದಲ್ಲಿ ಕಿರಿಯ ಸೊಸೆ ಹುಳದ ತಟ್ಟೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. ನನಗೆ ಒಂದು ಲೋಟ ನೀರೂ ಹುಟ್ಟಲಿಲ್ಲ.

ಸಾತನೂರಿನಲ್ಲಿ ತಣ್ಣಗಿನ ಇಡ್ಲಿ ತಿಂದು, ರಾಮನಗರಕ್ಕೆ ವಾಪಸಾಗಿ ಮಾಗಡಿ ಬಸ್ಸು ಹಿಡಿದೆ. ದೂರದಲ್ಲಿ ಸಾವನದುರ್ಗ ಕಾಣುವ ಹೊತ್ತಿಗೆ ಮೂರು ಗಂಟೆ. ಕಿಟಕಿಯ ಸರಳು ಮುಟ್ಟಲಾರದಷ್ಟು ಬಿಸಿಲು.

ತೌರುಮನೆಯಲ್ಲಿದ್ದ ಜಯಮ್ಮನ ಬಲಗೈಗೆ ಮೂಳೆ ಮುರಿದವರಿಗೆ ಹಾಕುವ ನಾಟಿ ಕಟ್ಟು ಹಾಕಿದ್ದರು. ತಾಯಿಯನ್ನು ಹೊರಗೆ ಕಳಿಸಿ ಅವಳೇ ಬಾಗಿಲು ಮುಂದಕ್ಕೆ ಮಾಡಿದಳು. "ಮದ್ವೆಯಾದಾಗ್ಲಿಂದ್ಲೂ ಹೊಡೀತಾನೆ. ಈ ಸಲ, ನಿಮ್ತಾವ ಏನ್ ಹೇಳ್ದೆ ಅಂತ ಹೊಡ್ದ. ಬರ್ಕೊಳ್ಳಿ."

ಬರೆದುಕೊಂಡೆ.

"ಅಲ್ಲಿ ಕಿರಿ ಸೊಸೆ ಅವ್ಳೆ ನೋಡಿ, ಅವ್ಳು ನನ್ ತಂಗಿ. ಮೈದುನಂಗೆ ಕೊಟ್ಟವ್ರೆ. ಅಲ್ಲಿ ಏನ್ ನಡೀತೈತೆ ಅಂತ ನಾಕ್ ಜನಕ್ಕೆ ಗೊತ್ತಾದ್ರೆ ಅವ್ಳನ್ನಾದ್ರೂ ಒಸಿ ನೋಡ್ಕಂಡಾರು. ಇದು ಲೆಕ್ಕಕ್ಕೆ ಸೇರ್ತೈತೆ ಅಲ್ವಾ ಅಕ್ಕ?"

ಸೇರುತ್ತದೆ ಎಂದೆ.

ಮರುದಿನ ರಾಮನಗರದ ಆಫೀಸಿನಲ್ಲಿ ಮೇಲ್ವಿಚಾರಕರು ಹಾಳೆ ನೋಡಿ ಪಕ್ಕಕ್ಕಿಟ್ಟರು. "ಆ ಮನೆ ಬಿಟ್ಟು ಹೋದವರನ್ನು ಸೇರಿಸೋ ಹಾಗಿಲ್ಲಮ್ಮ. ರೂಲ್ಸು. ಅಲ್ಲಿ ಇನ್ನೊಬ್ಬ ಸೊಸೆ ಇದ್ದಾಳಲ್ಲ, ಅವಳನ್ನು ಕೇಳಿ ತುಂಬಿಸೋಣ."

ಹೊಡೆತ ತಿಂದು ಹೊರಬಿದ್ದವಳು ಲೆಕ್ಕಕ್ಕಿಲ್ಲ, ಒಳಗಿರುವವಳು ಅತ್ತೆಯ ಮುಂದೆ ಬಾಯಿ ಬಿಡುವುದಿಲ್ಲ, ಮತ್ತೆ ಯಾರನ್ನು ಎಣಿಸುತ್ತೀರಿ ಎಂದು ಕೇಳಿದೆ. ಅವರು ಕಾಫಿ ತರಿಸಿದರು. ನಾನು ಆ ಊರಿಗೆ ಹೋಗುವುದಿಲ್ಲ ಎಂದೆ.

ಬೇರೆ ಹುಡುಗಿ ಹೋಗಿ ಬಂದಳು. ಮುಂದಿನ ಬೆಳೆಯ ಹುಳುಗಳು ಆಗಲೇ ದಪ್ಪಗಾಗಿ ಗೂಡು ಕಟ್ಟುವ ಹಂತಕ್ಕೆ ಬಂದಿದ್ದವಂತೆ. ಅವಳನ್ನೂ ಜಗಲಿಯಲ್ಲೇ ಕೂರಿಸಿದರಂತೆ. ಅವಳು ತಂದ ಹಾಳೆಯಲ್ಲಿ ಒಂದು ಪ್ರಶ್ನೆಯೂ ಖಾಲಿ ಇರಲಿಲ್ಲ. ಕಿರಿಯ ಸೊಸೆಯ ಪರವಾಗಿ ಎಲ್ಲಕ್ಕೂ ಅತ್ತೆಯೇ ಉತ್ತರ ಹೇಳಿದ್ದಳು.