ಆನೆ ಮುರಿದ ಕೊಂಬೆ, ಬಾನಕ್ಕನ ಹಾರ

"ಅಲ್ಲ ರವಿಯಣ್ಣ, ನಿನ್ನ ಫೋನು ಮೊಳ ಹಾಕುತ್ತಾ? ಕೈ ಐತಾ ಅದಕ್ಕೆ?"

"ಮೊಳ ಎಲ್ಲ ಈಗ ಯಾರು ಕೇಳ್ತಾರೆ ಬಾನಕ್ಕ? ಇಲ್ನೋಡಿ, ಫೋಟೋ ನೋಡಿ ಬಟನ್ ಒತ್ತಿದ್ರೆ ಬೆಂಗಳೂರಿಂದ ಐಸ್ ಡಬ್ಬೀಲಿ ಬರುತ್ತೆ. ಗುಲಾಬಿ ಎಲ್ಲಾ ಒಂದೇ ಸೈಜು!"

"ಒಂದೇ ಸೈಜು ಇರಾಕೆ ಅದೇನ್ ಬೋಲ್ಟ್ ನಟ್ಟಾ?"

ಹಿಂದೆ ಕೂತು ಸೇವಂತಿಗೆ ಬಿಡಿಸ್ತಿದ್ದ ಮಗಳು ಜೇಬಾ ನಗು ತಡ್ಕೊಳ್ಳೋಕಾಗದೆ ಕೆಮ್ಮೋ ಥರ ಆಕ್ಟಿಂಗ್ ಮಾಡಿದ್ಲು. ಅಮ್ಮಿ ಮಾತಿಗೆ ನಿಂತ್ರೆ ಮುಗೀತು, ಎದುರಿಗಿರೋರು ಔಟ್.

ಆದ್ರೆ ಆವತ್ತು ಬರೀ ಮಾತಲ್ಲಿ ಗೆದ್ರೆ ಸಾಲ್ತಿರ್ಲಿಲ್ಲ. ಸಕಲೇಶಪುರ ಬಸ್‌ಸ್ಟ್ಯಾಂಡ್ ಎದುರಿಗೆ ಶಹರ್ ಬಾನು ಅನ್ನೋ ಈ ಬಾನಕ್ಕ ಹೂವಿನ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ. ಮಾರನಹಳ್ಳಿ ಹತ್ರ ಹೋಮ್‌ಸ್ಟೇ ಇಟ್ಟಿರೋ ರವಿಚಂದ್ರ ಅದರಲ್ಲಿ ಎಂಟು ವರ್ಷದ ಗಿರಾಕಿ. ರೂಮಿಗೆ ಹೂವು, ಬಾಗಿಲಿಗೆ ತೋರಣ, ಬರ್ತ್‌ಡೇ, ಆನಿವರ್ಸರಿ, ಎಲ್ಲಾ ಇಲ್ಲಿಂದ್ಲೇ. ಅಂಗಡೀಲಿ ಖರ್ಚಾಗೋ ಹೂವಲ್ಲಿ ಅರ್ಧ ಅವರೊಬ್ಬರದ್ದೇ. ಅದು ಕೈ ತಪ್ಪಿದ್ರೆ ಷಟರ್ ಅರ್ಧ ಎಳೆದು ಕೂತ ಹಾಗೇ.

"ಬಾನಕ್ಕ, ನಿಮಗೆ ಮೋಸ ಮಾಡಲ್ಲ ನಾನು," ರವಿಚಂದ್ರ ಸ್ವಲ್ಪ ಮೆತ್ತಗಾದ್ರು. "ನಾಳೆ ನಮ್ಮಲ್ಲಿ ಮಧುಶ್ರೀ ಅಂತ ಒಬ್ಬ ಹುಡುಗೀದು ನಿಶ್ಚಿತಾರ್ಥ. ಆ್ಯಪ್‌ನೋರದ್ದು ಎರಡು ಹಾರ ಬರ್ತಿದೆ. ನೀವೂ ಎರಡು ತನ್ನಿ. ಹುಡುಗಿ ಯಾವುದನ್ನ ಹಾಕ್ಕೋತಾಳೋ, ಏಪ್ರಿಲ್‌ನಿಂದ ಹೋಮ್‌ಸ್ಟೇ ಹೂವೆಲ್ಲ ಅವರದ್ದೇ. ಓಕೆನಾ?"

"ಓಕೆ," ಅಂದ್ಬಿಟ್ರು ಬಾನಕ್ಕ, ಒಂದ್ ಸೆಕೆಂಡೂ ಯೋಚನೆ ಮಾಡ್ದೆ. ರವಿಚಂದ್ರರ ಜೀಪು ತಿರುಗಿದ ತಕ್ಷಣ ಸ್ಟೂಲ್ ಮೇಲೆ ಧೊಪ್ಪಂತ ಕೂತ್ರು. "ಜೇಬಾ, ಏನ್ ಓಕೆ ಅಂದ್ಬುಟ್ಟೆ ಕಣೇ ನಾನು?"

ಬಾನಕ್ಕ ಅಂದ್ರೆ ಯಾರು ಅಂತ ಆ ಆ್ಯಪ್‌ಗೆ ಗೊತ್ತೇ ಇಲ್ಲ, ಅದೇ ಪ್ರಾಬ್ಲಮ್. ಬೆಳಗ್ಗೆ ಹಾಸನದಿಂದ ಮೊದಲನೇ ಬಸ್ಸಲ್ಲಿ ಒದ್ದೆ ಗೋಣಿಚೀಲದ ಹೂವು ಇಳಿಯುತ್ತೆ. ಚೀಲ ಬಿಚ್ಚೋಕೆ ಮುಂಚೆ ಮೂಗಿಟ್ಟು, ಇದು ನೆನ್ನೇದು, ಇದು ಮೊನ್ನೇದು ಅಂತ ಹೇಳ್ಬಿಡ್ತಾರೆ. ಬಾಳೆನಾರನ್ನ ಕಾಲ್ಬೆರಳಿಗೆ ಸಿಕ್ಕಿಸ್ಕೊಂಡು ಕಟ್ಟೋಕೆ ಶುರು ಮಾಡಿದ್ರೆ ಕೈ ಕಾಣ್ಸಲ್ಲ, ಲಿಟ್ರಲಿ ಫ್ಯಾನ್ ತಿರುಗಿದ ಹಾಗೆ. ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ, ಅದರ ಮೇಲೆ ನಾಲ್ಕು ಬೆರಳು ಕೊಸರು. ಕೊಸರು ಕೊಡದೆ ಒಂದು ದಿನವೂ ಕತ್ತರಿ ಹಾಕಿದವರಲ್ಲ. ಊರಿನ ತಲೆಗಳೆಲ್ಲ ಅವರಿಗೆ ಬಾಯಿಪಾಠ. ಮಾದೇವಮ್ಮನಿಗೆ ಮಲ್ಲಿಗೆ ಮುಡಿದ್ರೆ ತಲೆನೋವು, ಕಾಕಡ ಕೊಡ್ಬೇಕು. ಟೀಚರ್ ಹೇಮಶ್ರೀಗೆ ಗಿಡ್ಡ ಕೂದಲು, ಮುಕ್ಕಾಲು ಮೊಳ ಸಾಕು, ಆದ್ರೆ ಅದನ್ನ ಬಾಯಿಬಿಟ್ಟು ಹೇಳ್ಬಾರದು.

ಇಷ್ಟೆಲ್ಲ ಗೊತ್ತಿರೋ ಹೆಂಗಸಿಗೆ, ನಾಳೆಗೆ ಏನು ಕಟ್ಟೋದು ಅಂತ ಮಾತ್ರ ಗೊತ್ತಾಗ್ಲಿಲ್ಲ.

ಅಷ್ಟೊತ್ತಿಗೆ ಶುಕ್ರವಾರದ ಪೂಜೆಗೆ ಹೂ ತಗೊಳ್ಳೋಕೆ ಲಕ್ಕಪ್ಪ ಬಂದ. ಆಲೂರು ಕಡೆಯವನು, ಮೂರೆಕರೆ ಕಾಫಿ ತೋಟ. ಮುಖ ನೋಡಿದ್ರೆ ಯಾರೋ ಹೊಡೆದು ಕಳಿಸಿದ ಹಾಗಿತ್ತು.

"ಏನಾಯ್ತು ಲಕ್ಕಪ್ಪಣ್ಣ?"

"ಏನಾಗ್ಲಿ ಬಾನಕ್ಕ, ರಾತ್ರಿ ಐದು ಆನೆ ನುಗ್‌ಬುಟ್ಟವೆ ಕಣವ್ವ. ಕಾಫಿ ಹೂ ಬಿಡ್ಸೋ ಹೂಮಳೆ ಚೆನ್ನಾಗಿ ಬಂದಿತ್ತು, ಮೊಗ್ಗು ಬೆಳ್ಳಗಾಗಿ ನಾಳೆ ಬೆಳಗ್ಗೆ ಬಿರಿಯಂಗಿತ್ತು. ಮೂವತ್ತು ಗಿಡ ಮುರಿದು ಮಲಗಿಸವೆ. ಅದರಾಗೊಂದು ಮರಿ, ತುಳಿದಿದ್ದಲ್ದೆ ಅದರ ಮೇಲೆ ಉರುಳಾಡ್ಕೊಂಡೂ ಹೋಗೈತೆ!"

"ಮುರಿದ ಕೊಂಬೆ ಏನ್ ಮಾಡ್ತೀಯಾ?"

"ಏನ್ ಮಾಡೋದು, ಒಣಗ್ತವೆ."

ಬಾನಕ್ಕ ನಿಧಾನಕ್ಕೆ ಎದ್ದು ನಿಂತ್ರು. ಜೇಬಾಗೆ ಆ ಕಣ್ಣು ಗೊತ್ತು. ಆ ಕಣ್ಣು ಬಂದ್ರೆ ಏನೋ ಆಗುತ್ತೆ.

ಈ ಕಡೆ ಹುಟ್ಟಿದೋರಿಗೆ ಹೇಳ್ಬೇಕಾಗಿಲ್ಲ, ಕಾಫಿ ಹೂವನ್ನ ಯಾರೂ ಕೀಳಲ್ಲ. ಒಂದು ಹೂವು ಅಂದ್ರೆ ಒಂದು ಹಣ್ಣು. ಇಡೀ ಗುಡ್ಡ ಮಲ್ಲಿಗೆ ಥರ ಘಮ್ ಅಂತಿದ್ರೂ ಕೈ ಹಿಂದೆ ಕಟ್ಕೊಂಡೇ ನಡೀಬೇಕು. ಬಾನಕ್ಕ ಹುಟ್ಟಿದ್ದು ಎಸ್ಟೇಟ್ ಕೆಲಸದೋರ ಲೈನ್‌ಮನೇಲಿ, ಅವರಪ್ಪ ಅಲ್ಲಿ ಲಾರಿ ಡ್ರೈವರ್. ಆರು ವರ್ಷದವಳಿದ್ದಾಗ ಒಂದೇ ಒಂದು ಗೊಂಚಲು ಕಿತ್ತು ಜಡೆಗೆ ಸಿಕ್ಕಿಸ್ಕೊಂಡಿದ್ದಕ್ಕೆ ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ಬೈದ ಬೈಗುಳ ಇವತ್ತೂ ಕಿವೀಲಿದೆ. ಇಷ್ಟು ವರ್ಷ ಊರಿನ ಎಲ್ಲಾ ಹೂವೂ ಕಟ್ಟಿದ ಕೈ ಅದು, ಕಾಫಿ ಹೂವೊಂದನ್ನ ಬಿಟ್ಟು.

"ಆನೆ ಕಿತ್ತಿರೋದನ್ನ ನಾವು ಕಟ್ಟಿದ್ರೆ ಪಾಪ ಯಾರಿಗೆ?" ಕೇಳಿದ್ರು ಬಾನಕ್ಕ.

ಲಕ್ಕಪ್ಪ ತಲೆ ಕೆರ್ಕೊಂಡ. "ಆನೆಗೇ ಇರ್ಬೇಕು."

ಮಧ್ಯಾಹ್ನ ಬಾನಕ್ಕನ ಗಂಡ ನಜೀರ್ ತಮ್ಮ ಲಗೇಜ್ ಆಟೋ ತಂದ್ರು, ಗಂಡ, ಹೆಂಡತಿ, ಮಗಳು ಮೂವರೂ ಆಲೂರು ಕಡೆ ಹೊರಟ್ರು. ಆದ್ರೆ ತೋಟದಲ್ಲಿ ಕೊಂಬೆ ಮುಟ್ಟೋ ಹಾಗಿಲ್ಲ! ಫಾರೆಸ್ಟ್‌ನೋರು ಬಂದು ಫೋಟೋ ತೆಗೆಯೋವರೆಗೂ ಬಿದ್ದಿದ್ದು ಬಿದ್ದ ಹಾಗೇ ಇರ್ಬೇಕು, ಇಲ್ಲಾಂದ್ರೆ ಲಕ್ಕಪ್ಪನಿಗೆ ಪರಿಹಾರ ಇಲ್ಲ. ಬಕೆಟ್ ಇಟ್ಕೊಂಡು ನಾಲ್ಕು ಗಂಟೆವರೆಗೆ ಕಾದ್ರು. ಫಾರೆಸ್ಟ್‌ನೋರು ಬಂದು, ಫೋಟೋ ತೆಗೆದು, ಆ ಕಡೆ ತಿರುಗಿದ್ದೇ ತಡ, ಬಾನಕ್ಕ ಕತ್ತಿ ಹಿಡಿದು ಹುಡುಗಿ ಥರ ಓಡಿದ್ರು. ಆರು ಬಕೆಟ್ ತುಂಬ ಕೊಂಬೆ. ಯಾರಾದ್ರೂ ನೋಡಿದ್ರೆ ಕಳ್ಳರು ಅಂದ್ಕೋತಾರೆ ಅಂತ ನಜೀರ್ ಮೇಲೆ ಟಾರ್ಪಾಲ್ ಹೊದಿಸಿದ್ರು. ಈಗ ಗ್ಯಾರಂಟಿ ಕಳ್ಳರ ಥರಾನೇ ಕಾಣ್ತಿತ್ತು.

ಬೆಳಗಿನ ಜಾವ ಜೇಬಾ ಕಿರುಚಿದ್ಲು. "ಅಮ್ಮೀ! ಬೇಗ ಬಾ! ಅಡಿಗೆಮನೆ ಬೆಳ್ಳಗಾಗ್ಬುಟ್ಟೈತೆ!"

ಆರೂ ಬಕೆಟ್ ಬಿರಿದಿತ್ತು. ಗ್ಯಾಸ್ ಸ್ಟವ್ ಪಕ್ಕ ಒಂದು, ಅಕ್ಕಿ ಡಬ್ಬದ ಮೇಲೆ ಒಂದು, ಫ್ರಿಜ್ ಮುಂದೆ ಎರಡು, ಎಲ್ಲೆಲ್ಲೂ ಬಿಳಿ ಬಿಳಿ ನಕ್ಷತ್ರ. ವಾಸನೆ ಹೆಂಗಿತ್ತಂದ್ರೆ ಪಕ್ಕದ ಮನೆಯವರು ಏನ್ ಅತ್ತರು ಚೆಲ್ಲಿದ್ರಿ ಅಂತ ಕೇಳ್ಕೊಂಡು ಬಂದ್ರು. ಬಾನಕ್ಕ ಬಾಗಿಲಲ್ಲಿ ನಿಂತವರು ನಿಂತೇ ಇದ್ರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಕೂತ್ರು.

ಮೊದಲನೇ ಮೊಳ ಫುಲ್ ಫ್ಲಾಪ್. ಮಲ್ಲಿಗೆ ಥರ ಒಂದೊಂದೇ ಹೂವು ಬಿಡಿಸಿ ಕಟ್ಟಿದ್ರೆ ಹತ್ತೇ ನಿಮಿಷಕ್ಕೆ ಬೆರಳ ಬಿಸಿಗೆ ಎಲ್ಲಾ ಕಂದು. ಎರಡನೇದೂ ಅಷ್ಟೇ. ಜೇಬಾ ಮುಖ ಸಪ್ಪೆಯಾಯ್ತು. ಬಾನಕ್ಕ ಮಾತ್ರ ಕೊಂಬೆ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ್ರು. ಹೂವೆಲ್ಲ ಎಲೆ ಬುಡದ ಗಿಣ್ಣಿನ ಸುತ್ತ ಚೆಂಡಿನ ಥರ ಕೂತಿರುತ್ತೆ. "ಹೂವು ಮುಟ್ಟಿದ್ರೆ ತಾನೇ ಕೋಪ ಇದಕ್ಕೆ?" ಅಂದ್ರು. ಗಿಣ್ಣಿನ ಆಚೆ ಈಚೆ ಒಂದೊಂದು ಬೆರಳು ಕಡ್ಡಿ ಬಿಟ್ಟು ಕತ್ತರಿಸಿ, ಎಲೆ ತೆಗೆದು, ಕಡ್ಡೀನ ಮಾತ್ರ ಹಿಡಿದು ಒದ್ದೆ ನಾರಿಗೆ ಕಟ್ಟಿದ್ರು. ಚೆಂಡಿನ ಪಕ್ಕ ಚೆಂಡು ಕೂತ್ಕೊಳ್ತಾ ಹೋಯ್ತು. ಒಂದು ಹೂವೂ ಬಾಡ್ಲಿಲ್ಲ! ಜೇಬಾ ಕುಣಿದು ಬಕೆಟ್ ಒದ್ದು ಬೈಸ್ಕೊಂಡ್ಲು.

ಆದ್ರೆ ಎಂಟು ಗಂಟೆಗೆ ನೋಡಿದ್ರೆ, ಬಕೆಟ್ ಆರೂ ಖಾಲಿ, ಹಾರ ಒಂದೇ. ಬೇಕಾಗಿದ್ದು ಎರಡು.

"ಈಗೇನ್ ಅಮ್ಮಿ?"

"ನಡಿ, ಗಾಡಿ ಹತ್ತು."

ಮಾರನಹಳ್ಳೀಲಿ ಆ್ಯಪ್‌ನ ಡಬ್ಬಿ ಅವಾಗ್ಲೇ ಬಂದಿತ್ತು. ಸುಳ್ಳು ಯಾಕೆ ಹೇಳ್ಬೇಕು, ಸೂಪರ್ ಆಗಿತ್ತು. ಕೆಂಪು ಗುಲಾಬಿ, ಒಂದು ಎಸಳೂ ಆಚೀಚೆ ಇಲ್ಲ. ಮಧುಶ್ರೀ ಅದನ್ನೇ ಕೈಗೆತ್ಕೊಂಡು ನೋಡ್ತಿದ್ಲು. ಬಾನಕ್ಕ ಬುಟ್ಟಿ ಮೇಲಿದ್ದ ಬಾಳೆಲೆ ಸರಿಸಿದ್ರು.

ರವಿಚಂದ್ರ ಕೂಗಿದ ಕೂಗಿಗೆ ಹೊರಗಿದ್ದ ನಾಯಿ ಎದ್ದು ಓಡ್ತು.

"ಬಾನಕ್ಕಾ! ಯಾರ ತೋಟಕ್ಕೆ ಕೈ ಹಾಕಿದ್ರಿ? ಎರಡು ಕೆಜಿ ಹಣ್ಣಾಗೋದು ಕಣ್ರೀ ಇದು! ಎರಡು ಕೆಜಿ ಹಣ್ಣು ಕುತ್ತಿಗೆಗೆ ಹಾಕ್ಕೊಳ್ಳೋದಾ?"

ನೆಂಟರೆಲ್ಲ ಕಾಫಿ ಬೆಳೆಯೋರೇ. ಯಾರಿಗೂ ಹಾರ ಕಾಣ್ಲಿಲ್ಲ, ಕಳುವಾದ ಫಸಲೇ ಕಂಡಿದ್ದು. ಒಬ್ಬ ಅಜ್ಜ ಅಂತೂ ಗಿಣ್ಣು ಎಣಿಸೋಕೇ ಶುರು ಮಾಡಿದ್ರು.

"ಕದ್ದಿದ್ದಲ್ಲ ರವಿಯಣ್ಣ, ಆನೆ ಕೊಟ್ಟಿದ್ದು," ಅಂದ್ರು ಬಾನಕ್ಕ. ಯಾರೂ ನಂಬ್ಲಿಲ್ಲ. ಜೇಬಾ ಲಕ್ಕಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ್ಲು.

"ಹೂಂ ಸಾಮಿ, ನಮ್ ತೋಟದ್ದೇ! ಐದು ಆನೆ! ಫಾರೆಸ್ಟ್‌ನೋರ ಫೋಟೋ ಐತೆ, ವಾಟ್ಸಾಪ್ ಹಾಕ್ಲಾ?" ಅಂತ ಅರಚಿದ ಲಕ್ಕಪ್ಪ.

ಫೋಟೋ ಬಂತು. ಮಲಗಿದ ಕಾಫಿ ಗಿಡ, ಬಾಂಡ್ಲಿಯಷ್ಟಗಲ ಆನೆ ಹೆಜ್ಜೆ, ಮೂಲೇಲಿ ಬಕೆಟ್ ತಬ್ಕೊಂಡು ಹಲ್ಲು ಕಿಸಿದು ನಿಂತ ಬಾನಕ್ಕ.

ಮಧುಶ್ರೀಗೆ ನಗು ಕಿತ್ಕೊಂಡು ಬಂತು. "ಸಣ್ಣೋಳಿದ್ದಾಗ ಒಂದು ಹೂವು ಕಿತ್ತಿದ್ದಕ್ಕೆ ಅಜ್ಜಿ ಕೈ ಮೇಲೆ ಹೊಡೆದಿದ್ರು. ಈಗ ಇಡೀ ಹಾರ! ನಂಗೆ ಇದೇ ಬೇಕು!" ಅಂತ ತಾನೇ ಎತ್ತಿ ಕುತ್ತಿಗೆಗೆ ಹಿಡಿದು ಕನ್ನಡಿ ಮುಂದೆ ಓಡಿದ್ಲು.

"ಗಂಡಿಗೆ?" ಅಂದ್ರು ರವಿಚಂದ್ರ.

ಬಾನಕ್ಕ ಆ್ಯಪ್‌ನ ಗುಲಾಬಿ ಹಾರ ಎತ್ತಿದ್ರು. ಅಭ್ಯಾಸಬಲ, ಮೂಗಿಗೆ ಹಿಡಿದು ನೋಡಿದ್ರು. "ಮೊನ್ನೇದು. ಪರವಾಗಿಲ್ಲ, ಗಂಡಿಗೆ ನಡೆಯುತ್ತೆ."

ಎಲ್ಲರೂ ಬಿದ್ದು ಬಿದ್ದು ನಕ್ರು. ಗಂಡು ಪ್ರವೀಣ್ ಕೂಡ, ಪಾಪ.

ಮಧ್ಯಾಹ್ನ ಊಟ ಆದ್ಮೇಲೆ ರವಿಚಂದ್ರ ಬಂದು ಪಕ್ಕ ಕೂತ್ರು. "ಒಪ್ಪಿದೆ ಬಾನಕ್ಕ, ಏಪ್ರಿಲ್‌ನಿಂದ ನಿಮ್ಮದೇ. ಆದ್ರೆ ಒಂದು ಕಂಡೀಷನ್. ವಾರಕ್ಕೊಂದ್ಸಲ ಆ್ಯಪ್‌ನಲ್ಲಿ ಸಿಗದೇ ಇರೋ ಹೂವು ಬೇಕು. ಪ್ರತಿ ವಾರ ಆನೆ ಬರಲ್ಲ, ನೆನಪಿರ್ಲಿ."

"ಬರ್ದೇ ಇರ್ಲಪ್ಪ!" ಅಂತು ಇನ್ನೂ ಕಟ್ ಆಗದೆ ಉಳಿದಿದ್ದ ಫೋನಿಂದ ಲಕ್ಕಪ್ಪನ ಧ್ವನಿ. ಊಟದುದ್ದಕ್ಕೂ ಎಲ್ಲ ಕೇಳಿಸ್ಕೊಂಡಿದ್ದ ಮಾರಾಯ! "ಬಾನಕ್ಕ, ನಮ್ಮ ಬೇಲಿ ಪಕ್ಕ ಸುರಗಿ ಹೂವಿನ ಮರ ಐತೆ. ಮೊಗ್ಗು ಕಟ್ಟೈತೆ. ಬುಧವಾರದ ಹೊತ್ಗೆ ಬಿರೀತದೆ. ಕೆಳಗೆ ಸೀರೆ ಹಾಸಿ ಅಲ್ಲಾಡಿಸ್ಬೇಕು, ಬರ್ತೀಯಾ?"

ಬಾನಕ್ಕ ಜೇಬಾ ಮುಖ ನೋಡಿದ್ರು. ಜೇಬಾಗೆ ಬುಧವಾರ ಕಾಲೇಜಿದೆ. ಇಬ್ಬರಿಗೂ ಗೊತ್ತು. ಜೇಬಾ ಕಣ್ಣು ಹೊಡೆದ್ಲು.

"ಬರ್ತೀವಿ ಲಕ್ಕಪ್ಪಣ್ಣ," ಅಂದ್ರು ಬಾನಕ್ಕ. "ಮುಂದಿನ ಬುಧವಾರ, ಮೊದಲನೇ ಬಸ್ಸಿಗೆ. ಹಾಸೋಕೆ ಎರಡು ಹಳೇ ಸೀರೆ ನಾನೇ ತರ್ತೀನಿ. ತಿಂಡಿಗೆ ಅಕ್ಕಿರೊಟ್ಟಿ ಮಾಡ್ಸಿರು."