ಕಾಯಿನ್ನಿಗೂ ಹಮಾಲಿ

ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಯಲ್ಲಿ ಅಪ್ಪ ಎಂದೂ ಪೂರ್ತಿ ಮಾಲನ್ನು ಒಂದೇ ಲಾರಿಗೆ ಹೇರಿಸಿದವರಲ್ಲ. ಮೊದಲು ನಾಲ್ಕು ಚೀಲ ಕಳಿಸುವುದು, ಮುಟ್ಟಿದ ಸುದ್ದಿ ಬಂದ ಮೇಲೆ ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಕಳಿಸುವುದು. ಹಮಾಲಿ ಹೇಗೂ ಚೀಲದ ಲೆಕ್ಕ. ಹಂಚಿ ಕಳಿಸಿದರೂ ಹೊತ್ತವರ ಕೂಲಿ ಅಷ್ಟೇ.

ನನ್ನ ಕಸುಬು ಬೇರೆ. ಕಂಪ್ಯೂಟರಿನಲ್ಲಿ ಕಸೂತಿ ನಮೂನೆ ಬಿಡಿಸಿ ಮಾರುತ್ತೇನೆ. ಒಮ್ಮೆ ಹೊರದೇಶದ ಗಿರಾಕಿಯೊಬ್ಬಳು ಹಣದ ಬದಲು ಇಂಟರ್ನೆಟ್ಟಿನಲ್ಲಷ್ಟೇ ಚಲಾವಣೆಯಿರುವ ಕ್ರಿಪ್ಟೊ ಕಾಯಿನ್ ಕಳಿಸಿದಳು. ನನ್ನ ಮೊದಲ ದೊಡ್ಡ ಗಳಿಕೆ! ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಕಸೂತಿ ಯಂತ್ರ ನೋಡಿ, ತೆಗೆದಿಡಿರಿ ಎಂದು ಹೇಳಿ ಬಂದಿದ್ದೆ. ಮೊಬೈಲಿನ ವಾಲೆಟ್‌ನಲ್ಲಿದ್ದ ಕಾಯಿನ್, ಅದನ್ನು ಮಾರಿಕೊಡುವ ಎಕ್ಸ್‌ಚೇಂಜಿಗೆ ಹೋಗಿ ರೂಪಾಯಿಯಾದರೆ ಸಾಕು, ಯಾರ ಹಂಗೂ ಇಲ್ಲದೆ ಯಂತ್ರ ನನ್ನದು.

ಅಪ್ಪನಿಗೆ ನನಗಿಂತ ಹೆಚ್ಚು ಕುತೂಹಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

"ಒಮ್ಮೆಲೇ ಕಳಸಬ್ಯಾಡ ಮತ್ತ. ಸ್ವಲ್ಪ ಸ್ವಲ್ಪ ಕಳಸು."

"ಕಳಸಾಕ ಫೀ ಹಿಡೀತಾರಪ್ಪಾ."

"ಹಿಡೀಲಿ ಬಿಡವಾ. ಸಣ್ಣ ಚೀಲಕ್ಕ ಸಣ್ಣ ಹಮಾಲಿ."

ನನಗೂ ಖರೇ ಅನಿಸಿತು. ಅದೇ ಅಂಗಡಿಯ ಘಾಟಿಗೆ ಸೀನುತ್ತ ಬೆಳೆದವಳಲ್ಲವೇ ನಾನು!

ಮೊದಲ ಚೂರು ಮುಟ್ಟಿತು. "ಮುಟ್ಟಿತು ನೋಡು!" ಎಂದು ಅಪ್ಪ ತೊಡೆ ತಟ್ಟಿದರು. ಆಮೇಲೆ ಇನ್ನೊಂದು, ಮತ್ತೊಂದು. ಫೀ ಎಷ್ಟೆಂದು ಕಾಯಿನ್ ಲೆಕ್ಕದಲ್ಲೇ ತೋರಿಸುತ್ತಿತ್ತು, ದಶಾಂಶ ಬಿಂದುವಿನ ಮುಂದೆ ಬರೀ ಸೊನ್ನೆಗಳ ಸಾಲು. ಅಷ್ಟು ಸೊನ್ನೆ ಇದ್ದ ಮೇಲೆ ಏನು ಮಹಾ ಎಂದುಕೊಂಡೆವು. ಕೊನೆಯ ಚೂರು ಮಾತ್ರ ಹೋಗಲೊಲ್ಲದು. ಫೀ ಕಟ್ಟಲು ಸಾಲುವುದಿಲ್ಲ ಎಂದು ಪರದೆ ಹೇಳಿತು.

ಆಗ ಕೂತು ಓದಿದೆ. ಆ ಫೀ ಕಳಿಸುವ ಮೊತ್ತದ ಮೇಲಲ್ಲವಂತೆ. ಹೆಚ್ಚು ಕಳಿಸಲಿ, ಕಡಿಮೆ ಕಳಿಸಲಿ, ಸಲಕ್ಕೊಂದು ಫೀ. ಕಳಿಸುವವರ ಗದ್ದಲ ಹೆಚ್ಚಿದಷ್ಟೂ ಅದು ಏರುತ್ತದೆ, ಅವತ್ತು ಗದ್ದಲವೋ ಗದ್ದಲ. ನಾವು ಕಳಿಸಿದ ಚೂರು ಚೂರಿಗೂ ಒಂದೊಂದು ಪೂರ್ತಿ ಫೀ ಹೋಗಿತ್ತು. ಗಳಿಕೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಾದಿಯಲ್ಲೇ ಕರಗಿತ್ತು.

"ಇನ್ನೊಂದು ತುಣುಕು ಕಾಣಾಕತ್ತೈತಲ್ಲ!" ಅಪ್ಪ ಕನ್ನಡಕ ಸರಿಮಾಡಿಕೊಂಡರು.

"ಕಾಣತೈತಿ. ನಂದ ಐತಿ. ಆದ್ರ ತಗಿಯಾಕ ಬರಂಗಿಲ್ಲ. ಅದಕ್ಕಿಂತ ಅದರ ಫೀನ ಜಾಸ್ತಿ."

"ಹೋಗ್ಲಿ ಬಿಡು, ಯಂತ್ರಕ್ಕ ಕಮ್ಮಿ ಬಿದ್ದದ್ದು ನಾ ಹಾಕ್ತೇನಿ."

"ಬ್ಯಾಡ!" ಎಂದೆ. "ನನ್ನ ಗಳಿಕೀಲೆನ ತಗೋಬೇಕಂತ ಇತ್ತು ನನಗ."

ಅಪ್ಪ ಮೊಬೈಲನ್ನು ಕೈಗೆ ತೆಗೆದುಕೊಂಡರು. ಅಂಗಡಿಯಲ್ಲಿ ಎರಡು ರೂಪಾಯಿ ಹಮಾಲಿಗೂ ಎಗರಾಡಿ, ಆಮೇಲೆ ಅದೇ ಹಮಾಲನಿಗೆ ಚಹಾ ತರಿಸಿ, ಇಬ್ಬರೂ ಒಂದಿಷ್ಟು ಬಿಟ್ಟುಕೊಟ್ಟು ಏಳುವ ಮನುಷ್ಯ.

"ಆ ಫೀ ಹಿಡದಾಂವ ಯಾವ ಊರಾಂವ? ಫೋನ್ ಹಚ್ಚು, ನಾ ಮಾತಾಡ್ತೇನಿ."

"ಹಂಗ ಯಾರೂ ಇಲ್ಲಪ್ಪಾ. ಈ ಕಳಿಸೂ ಕೆಲಸ ಮಾಡೂವು ಎಲ್ಲೆಲ್ಲಿವೋ ಕಂಪ್ಯೂಟರ್ ಅವು. ಯಾರಿಗೆ ಹೋತು ಅಂತ ನನಗೂ ತಿಳಿಯಂಗಿಲ್ಲ."

ಅವರು ಮೊಬೈಲನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಹಂಗಾರ ಜಗಳಾ ಯಾರ ಜೋಡಿ ಮಾಡೂದವಾ?"

ಮೊಬೈಲನ್ನು ಅವರ ಕೈಯಿಂದ ಇಸಿದುಕೊಂಡೆ. ರಾಣೆಬೆನ್ನೂರಿಗೆ ಫೋನ್ ಮಾಡಿ, ಯಂತ್ರ ಬೇರೆ ಯಾರಿಗಾದರೂ ಕೊಟ್ಟುಬಿಡಿರಿ ಎಂದೆ.